ಇಟಲಿಯಲ್ಲಿ ಬಾಡಿಗೆ ಕಾರು: ಅರಬೈಲ್ ಘಟ್ಟ ಇಳಿಸಿದವನಿಗೆ ಆದೀತಾ?

ಉಣಕಲ್‌ನವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವ, ಉಣಕಲ್ ಕೆರೆ ಹತ್ತಿರ ಮನೆ. ಹದಿನೆಂಟು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಮಳೆಗಾಲದ ರಾತ್ರಿ ಅರಬೈಲ್ ಘಟ್ಟ ಇಳಿಸಿದ್ದೇನೆ. ಗಣೇಶ ಚೌತಿಯ ದಿನ ದುರ್ಗದಬೈಲಿನಿಂದ ಕಾರು ಹೊರಗೆ ತಂದಿದ್ದೇನೆ. ಆದರೆ ದೇಶದ ಹೊರಗೆ ಒಮ್ಮೆಯೂ ಸ್ಟೀರಿಂಗ್ ಹಿಡಿದಿಲ್ಲ.

ಬರುವ ಅಕ್ಟೋಬರ್‌ನಲ್ಲಿ 11 ದಿನ ಇಟಲಿಗೆ ಹೊರಟಿದ್ದೇವೆ. ನಾನು, ಹೆಂಡತಿ, ಅವ್ವ. ಅವ್ವನಿಗೆ 71. ಮೊಣಕಾಲು ನೋವು. ಸೂಟ್‌ಕೇಸ್ ಎಳೆದುಕೊಂಡು ದಿನಾ ಒಂದು ಟ್ರೇನ್ ಹತ್ತಿ ಇಳಿಯುವುದು ಆಕೆಗೆ ಆಗುವ ಮಾತಲ್ಲ. ಅದಕ್ಕೇ ಬಾಡಿಗೆ ಕಾರು ಅಂತ ಯೋಚನೆ.

ಪ್ಲ್ಯಾನ್ ಹೀಗಿದೆ. ಪೀಸಾದಲ್ಲಿ ಇಳಿದು ಅಲ್ಲೇ ಕಾರು ತಗೊಳ್ಳುವುದು. ಎರಡು ದಿನ ಚಿಂಕ್ವೆ ಟೆರ್ರೆ, ಅಂದರೆ ಸಮುದ್ರದ ದಂಡೆಯ ಆ ಐದು ಬಣ್ಣದ ಊರುಗಳು. ನಾಲ್ಕು ದಿನ ಟಸ್ಕನಿಯ ಹಳ್ಳಿ ಕಡೆ. ಆಮೇಲೆ ಕಾರಿನಲ್ಲೇ ಕೆಳಗೆ ದಕ್ಷಿಣಕ್ಕೆ, ಅಮಾಲ್ಫಿ ಸಮುದ್ರದಂಡೆ, ಅಲ್ಲಿಯ ಪೊಸಿಟಾನೊ ಊರು. ಕೊನೆಗೆ ರೋಮ್‌ನಲ್ಲಿ ಕಾರು ಬಿಟ್ಟು ವಿಮಾನ.

ಬಲಗಡೆ ಓಡಿಸುವುದು ನಮ್ಮಂಥವರಿಗೆ ರೂಢಿಯಾಗುತ್ತದಾ? ಯಾವ ಕಾಗದ ಬೇಕು? ಇನ್ನೊಂದು, ಅಲ್ಲಿ ಎಲ್ಲೋ ತಪ್ಪು ರಸ್ತೆಗೆ ಹೋದರೆ ಆರು ತಿಂಗಳಾದ ಮೇಲೆ ಮನೆಗೆ ದಂಡದ ಚೀಟಿ ಬರುತ್ತದೆ ಅಂತ ಆಫೀಸಿನಲ್ಲಿ ಒಬ್ಬರು ಹೆದರಿಸಿದ್ದಾರೆ. ಖರೇನಾ?

ಕೇಶ್ವಾಪುರ ಸೈಕಲ್:

ಅಣ್ಣಾ, ಕಾರು ಯಾಕೆ? ಇಟಲಿಯ ಟ್ರೇನ್ ಚೆನ್ನಾಗಿವೆ. ನಾವು ಮಿಲಾನ್, ಫ್ಲಾರೆನ್ಸ್, ರೋಮ್ ಮೂರನ್ನೂ ಟ್ರೇನಿನಲ್ಲೇ ಮುಗಿಸಿದೆವು. ಪಾರ್ಕಿಂಗ್ ತಲೆನೋವಿಲ್ಲ, ಪೆಟ್ರೋಲ್ ತಲೆನೋವಿಲ್ಲ. ಪೆಟ್ರೋಲ್ ಅಲ್ಲಿ ನಮಗಿಂತ ತುಟ್ಟಿ.

ಸಪ್ತಾಪುರದಾಕೆ:

ಕೇಶ್ವಾಪುರದವರು ಹೇಳಿದ್ದು ದೊಡ್ಡ ಊರುಗಳಿಗೆ ಸರಿ. ಆದರೆ ಸರ್ ಕೇಳುತ್ತಿರುವುದು ಹಳ್ಳಿ ಬಗ್ಗೆ. ಟಸ್ಕನಿಯ ಹಳ್ಳಿಗೆ ದಿನಕ್ಕೆ ಎರಡೋ ಮೂರೋ ಬಸ್ಸು, ಭಾನುವಾರ ಅದೂ ಇರುವುದಿಲ್ಲ. ಅಲ್ಲಿ ಕಾರು ಬೇಕೇ ಬೇಕು.

ಮೊದಲು ನನ್ನ ಬಗ್ಗೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾವ ಧೈರ್ಯದ ಮೇಲೆ ಬುದ್ಧಿ ಹೇಳುತ್ತಾಳೆ ಅನ್ನಿಸೀತು. ಧಾರವಾಡ, ವಯಸ್ಸು 56, ಹಳೇ ಸ್ವಿಫ್ಟ್. ನಮ್ಮನೆಯಲ್ಲಿ ಕಾರು ಓಡಿಸುವವಳು ನಾನೊಬ್ಬಳೇ. ಯಜಮಾನರು ಪಕ್ಕದಲ್ಲಿ ಕೂತು ಬ್ರೇಕ್ ಒತ್ತುತ್ತಾರೆ, ಅವರ ಕಡೆ ಬ್ರೇಕ್ ಇಲ್ಲದಿದ್ದರೂ. ಹೋದ ವರ್ಷ ಏಪ್ರಿಲ್ ಕೊನೆಗೆ ನಾವಿಬ್ಬರೇ ಹೋಗಿ ಒಂಬತ್ತು ದಿನ ಓಡಾಡಿದೆವು. ಕಾರಿಗೆ ಒಂದು ಗೀರೂ ಬೀಳಲಿಲ್ಲ. ದಂಡ ಮಾತ್ರ ಎರಡು ಬಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಬಲಗಡೆ ಓಡಿಸುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಮೊದಲ ಎರಡು ತಾಸು ಮಾತ್ರ ಕೈಗೂ ತಲೆಗೂ ಜಗಳ. ನಮ್ಮ ಮಾರುತಿಯಲ್ಲಿ ಇಂಡಿಕೇಟರ್ ಕಡ್ಡಿ ಬಲಗಡೆ ಇರುತ್ತದೆ, ಅಲ್ಲಿಯ ಕಾರಿನಲ್ಲಿ ಎಡಗಡೆ. ಹೀಗಾಗಿ ಪೀಸಾದಿಂದ ಹೊರಟವಳು ಪ್ರತಿ ತಿರುವಿಗೂ ವೈಪರ್ ಹಾಕಿದೆ. ಬಿರುಬಿಸಿಲು, ಗಾಜಿನ ಮೇಲೆ ವೈಪರ್ ಕಿರ್ ಕಿರ್. ಹಿಂದಿನವರು ಏನಂದುಕೊಂಡರೋ. ಎರಡನೆಯದು, ನಾವು ಬಲಗಡೆ ಕೂತು ರೂಢಿಯಾದವರು. ಎಡಗಡೆ ಕೂತಾಗ ಗೊತ್ತಿಲ್ಲದೆ ಕಾರನ್ನು ಬಲಕ್ಕೆ ಸರಿಸುತ್ತಾ ಹೋಗುತ್ತೇವೆ. ಬಲಗಡೆಯ ಕನ್ನಡಿ ನಿಂತ ಕಾರುಗಳಿಗೆ ತಾಗುವಷ್ಟು ಹತ್ತಿರ ಹೋಗುತ್ತದೆ. ಪಕ್ಕದಲ್ಲಿ ಕೂತವರಿಗೆ ಇದೊಂದು ಕೆಲಸ ಕೊಡಿ: ಕಾರು ಬಲದ ಅಂಚಿಗೆ ಹತ್ತಿರವಾದಾಗಲೆಲ್ಲ ಕೂಗಬೇಕು. ನಮ್ಮವರು ಜೀವಮಾನದಲ್ಲಿ ಮೊದಲ ಸಲ ಕಾರಿನಲ್ಲಿ ಉಪಯೋಗಕ್ಕೆ ಬಂದರು.

ವಾಹನ ಜಾಸ್ತಿ ಇರುವಲ್ಲಿ ತಪ್ಪು ಮಾಡುವುದಿಲ್ಲ. ಎಲ್ಲರೂ ಬಲಕ್ಕೆ ಹೋಗುತ್ತಿರುತ್ತಾರೆ, ನೀವೂ ಹಿಂದೆ ಹೋಗುತ್ತೀರಿ. ತಪ್ಪಾಗುವುದು ಖಾಲಿ ರಸ್ತೆಯಲ್ಲಿ. ಬೆಳಿಗ್ಗೆ ಗೇಟಿನಿಂದ ಹೊರಗೆ ಬರುವಾಗ, ಪೆಟ್ರೋಲ್ ಬಂಕಿನಿಂದ ರಸ್ತೆಗೆ ಇಳಿಯುವಾಗ. ಮೂರನೇ ದಿನ ಬೆಳಿಗ್ಗೆ ನಾನು ಧಾರವಾಡದಲ್ಲಿ ಇದ್ದ ಹಾಗೇ ಆರಾಮಾಗಿ ಎಡಕ್ಕೆ ಹಿಡಿದು ಹೊರಟೆ. ಯಜಮಾನರೂ ಗಮನಿಸಲಿಲ್ಲ, ಚಟ್ನಿಪುಡಿ ಡಬ್ಬಿ ಎಲ್ಲಿ ಬಿಟ್ಟೆವು ಅಂತ ಹುಡುಕುತ್ತಿದ್ದರು. ತಿರುವು ದಾಟಿದರೆ ಎದುರಿಗೆ ಟ್ರ್ಯಾಕ್ಟರ್. ಅದರ ಮೇಲಿದ್ದ ಮುದುಕ ಹಾರ್ನ್ ಹೊಡೆಯಲಿಲ್ಲ. ಟ್ರ್ಯಾಕ್ಟರ್ ನಿಲ್ಲಿಸಿ, ಕೈ ಬೀಸಿ ಆ ಕಡೆ, ಆ ಕಡೆ ಅಂತ ತೋರಿಸಿದ. ನಾನು ಕೈ ಮುಗಿದೆ. ಅವನೂ ಮುಗಿದ. ಅವತ್ತಿನಿಂದ ಸ್ಟೀರಿಂಗ್ ಮೇಲೆ ಒಂದು ಚೀಟಿ ಅಂಟಿಸಿಕೊಂಡೆ, ದೊಡ್ಡ ಅಕ್ಷರದಲ್ಲಿ "ಬಲ" ಅಂತ.

ಈಗ ದಂಡದ ಕಥೆ. ನಿಮ್ಮ ಆಫೀಸಿನವರು ಹೇಳಿದ್ದು ಖರೇ. ಇಟಲಿಯ ಹಳೇ ಊರುಗಳ ಒಳಗೆ ಝೆಡ್‌ಟಿಎಲ್ ಅಂತ ಇರುತ್ತದೆ. ವಾಹನಕ್ಕೆ ನಿರ್ಬಂಧ ಇರುವ ಜಾಗ ಅಂತ ಅರ್ಥ. ಅಲ್ಲಿ ವಾಸ ಇರುವವರಿಗೆ, ಪರವಾನಗಿ ಇದ್ದವರಿಗೆ ಮಾತ್ರ ಪ್ರವೇಶ. ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೆ ಮೀಸಲಾದ ಲೇನ್ ಇದ್ದ ಹಾಗೆ ಅಂದುಕೊಳ್ಳಿ, ಆದರೆ ತಡೆಯಲು ಕಂಬಿ ಇಲ್ಲ, ಪೊಲೀಸ್ ಇಲ್ಲ. ಒಂದು ಫಲಕ, ಮೇಲೊಂದು ಕ್ಯಾಮೆರಾ. ನೀವು ದಾಟುತ್ತೀರಿ, ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ, ನಿಮಗೆ ಏನೂ ಗೊತ್ತಾಗುವುದಿಲ್ಲ. ಫಲಕ ಹೀಗಿರುತ್ತದೆ: ಬಿಳೀ ವೃತ್ತ, ಸುತ್ತ ಕೆಂಪು ಅಂಚು. ಕೆಳಗೆ ಸಮಯ. ಪಕ್ಕದಲ್ಲಿ ಬೆಳಕಿನ ಬೋರ್ಡಿನಲ್ಲಿ "ವಾರ್ಕೊ ಆತ್ತಿವೊ" ಅಂತ ಇದ್ದರೆ ಹೋಗಬೇಡಿ. ಸುಮ್ನೆ ಓದಿದರೆ "ಆಕ್ಟಿವ್" ಅಂತ ಇದೆ, ಗೇಟು ತೆರೆದಿದೆ ಅನ್ನಿಸುತ್ತದೆ. ಉಲ್ಟಾ. ಕ್ಯಾಮೆರಾ ಜಾಗೃತವಾಗಿದೆ ಅಂತ ಅದರ ಅರ್ಥ. ನಡುವೆ "ನೊನ್" ಸೇರಿ "ವಾರ್ಕೊ ನೊನ್ ಆತ್ತಿವೊ" ಅಂತ ಇದ್ದರೆ ಹೋಗಬಹುದು.

ನಾನು ಹೋದೆ. ಊರ ಹೆಸರು ಬೇಡ. ಸಂಜೆ ಏಳು, ಹೋಟೆಲ್ ಹುಡುಕುತ್ತಿದ್ದೆವು, ಮೊಬೈಲಿನ ಮ್ಯಾಪ್ ನೇರ ಒಳಗೆ ಕರೆದೊಯ್ದಿತು. ತಪ್ಪಾಯಿತು ಅಂತ ಹೊರಗೆ ಬಂದು, ಸುತ್ತು ಹಾಕಿ, ಇನ್ನೊಂದು ಗೇಟಿನಿಂದ ಮತ್ತೆ ಒಳಗೆ. ಹತ್ತು ನಿಮಿಷದಲ್ಲಿ ಎರಡು ಸಲ. ಐದು ತಿಂಗಳಾದ ಮೇಲೆ ಕಾರು ಕೊಟ್ಟ ಕಂಪನಿ ನನ್ನ ಕ್ರೆಡಿಟ್ ಕಾರ್ಡಿನಿಂದ ಎರಡು ಸಲ ದುಡ್ಡು ಕಡಿಯಿತು. ಇದೇ ದಂಡ ಇರಬೇಕು, ಮುಗಿಯಿತು ಅಂದುಕೊಂಡೆ. ಅಲ್ಲ. ಅದು ನನ್ನ ಹೆಸರು ವಿಳಾಸ ಅಲ್ಲಿಯವರಿಗೆ ಕೊಟ್ಟದ್ದಕ್ಕೆ ಅವರ ಕೂಲಿ. ಅಸಲು ದಂಡ ಎಂಟನೇ ತಿಂಗಳಲ್ಲಿ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು, ಒಂದೊಂದು 80 ಯೂರೊ ಮೇಲೆ. ಐದು ದಿನದ ಒಳಗೆ ಕಟ್ಟಿದರೆ ಶೇಕಡಾ 30 ಕಡಿಮೆ ಇತ್ತು, ಅವತ್ತೇ ಆನ್‌ಲೈನ್ ಕಟ್ಟಿದೆ. ಪೋಸ್ಟ್‌ಮ್ಯಾನ್ "ಇಟಲಿಯಿಂದ ಕಾಗದ ಬಂದಾವ್ರಿ ಅಕ್ಕಾರ, ಏನು ವಿಶೇಷ?" ಅಂದ. ಏನು ಹೇಳುವುದು!

ಹಾಗಾಗಿ ನನ್ನ ಒಂದೇ ಮಾತು. ಕಾರು ಇರುವುದು ಊರಿಂದ ಊರಿಗೆ ಹೋಗಲು. ಊರಿನ ಒಳಗೆ ಅದಕ್ಕೆ ಕೆಲಸ ಇಲ್ಲ. ಕೋಟೆ ಗೋಡೆ ಕಂಡ ತಕ್ಷಣ ಪಾರ್ಕಿಂಗ್ ಹುಡುಕಿ. ಅಲ್ಲಿಯ ಪಾರ್ಕಿಂಗ್ ಗೆರೆ ನೋಡಿ: ಬಿಳಿ ಗೆರೆ ಪುಕ್ಕಟೆ, ನೀಲಿ ಗೆರೆಗೆ ದುಡ್ಡು, ಹಳದಿ ಬೇರೆಯವರಿಗೆ ಮೀಸಲು. ನೀಲಿಗೆ ಹತ್ತಿರದ ಮಷಿನ್‌ನಲ್ಲಿ ನಾಣ್ಯ ಹಾಕಿ, ಚೀಟಿಯನ್ನು ಗಾಜಿನ ಒಳಗೆ ಕಾಣುವಂತೆ ಇಡಬೇಕು. ಬಿಳಿ ಗೆರೆ ಇದ್ದರೂ ಕೆಲವು ಕಡೆ ಇಷ್ಟೇ ತಾಸು ಅಂತ ಮಿತಿ ಇರುತ್ತದೆ. ಕಾರಿನಲ್ಲಿ ಗಡಿಯಾರದ ಮುಖದಂಥ ರಟ್ಟಿನ ಚಕ್ರ ಇಟ್ಟಿರುತ್ತಾರೆ, ಬಂದ ಸಮಯಕ್ಕೆ ತಿರುಗಿಸಿ ಗಾಜಿನ ಹಿಂದೆ ಇಡಿ.

ನಿಮ್ಮ ತಾಯಿಯವರ ಮೊಣಕಾಲಿನ ಬಗ್ಗೆ ಒಂದು ಸಮಾಧಾನ. ಸಿಯೆನಾ ಊರು ಗುಡ್ಡದ ಮೇಲಿದೆ, ಆದರೆ ಕೆಳಗಿನ ಪಾರ್ಕಿಂಗ್ ಹತ್ತಿರದಿಂದ ಮೇಲೆ ಊರಿಗೆ ಎಸ್ಕಲೇಟರ್ ಇದೆ. ಒಂದಾದ ಮೇಲೆ ಒಂದು, ಗುಡ್ಡದ ಹೊಟ್ಟೆಯೊಳಗಿಂದ ಮೇಲಕ್ಕೆ ಒಯ್ದು ಬಿಡುತ್ತದೆ. ಪಿಯೆಂಜಾ ಎಂಬ ಸಣ್ಣ ಊರು ಹೆಚ್ಚುಕಡಿಮೆ ಸಪಾಟು. ಆ ಊರಲ್ಲಿ ಹುಟ್ಟಿದವನೊಬ್ಬ ಪೋಪ್ ಆಗಿ, 1459ರಿಂದ ತನ್ನ ಹುಟ್ಟೂರನ್ನು ಹೊಸದಾಗಿ ಕಟ್ಟಿಸಿದ. ಅರ್ಧ ದಿನದಲ್ಲಿ ಕುಂಟುತ್ತಾ ಹೋದರೂ ಮುಗಿಯುತ್ತದೆ. ಅಲ್ಲಿಂದ ಕಾಣುವ ಕಣಿವೆಯೇ ವಾಲ್ ದೋರ್ಚಾ, ನೀವು ಕ್ಯಾಲೆಂಡರ್‌ನಲ್ಲಿ ನೋಡಿರುವ ಸೈಪ್ರೆಸ್ ಮರಗಳ ಜಾಗ. ಮೊಂಟೆಪುಲ್ಚಾನೊ ಮಾತ್ರ ಬೇಡ, ಊರು ಪೂರ್ತಿ ಏರು.

ಇನ್ನೊಂದು ನಿಜ ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನನ್ನು ಬೈಯುತ್ತೀರಿ. ಕ್ಯಾಲೆಂಡರ್‌ನ ಹಸಿರು ಏಪ್ರಿಲ್, ಮೇ ತಿಂಗಳಿನದು. ಅಕ್ಟೋಬರ್‌ನಲ್ಲಿ ಅಲ್ಲಿ ಗೋಧಿ ಬಿತ್ತಲು ಹೊಲ ಉಳುಮೆ ಮಾಡಿರುತ್ತಾರೆ. ಬರೀ ಮಣ್ಣು. ನಮ್ಮ ಹಿಂಗಾರಿ ಬಿತ್ತನೆಯ ಹೊತ್ತಿಗೆ ನವಲಗುಂದದ ಎರೆಹೊಲ ಇರುವ ಹಾಗೆ, ಆದರೆ ಬೂದು ಬಣ್ಣ ಮತ್ತು ಗುಡ್ಡಗಳ ಮೇಲೆ ಹಾಸಿದ್ದು. ನಮಗೆ ಉಳಿಯಲು ಕೊಟ್ಟ ಹೊಲದ ಮನೆಯ ಒಡತಿ ಅಕ್ಟೋಬರ್‌ನ ಫೋಟೊ ತೋರಿಸಿದಳು. ನನಗಂತೂ ಅದೇ ಹೆಚ್ಚು ಇಷ್ಟವಾಯಿತು. ಇಂಥ ಮನೆಗಳಿಗೆ ಅಗ್ರಿತುರಿಸ್ಮೊ ಅನ್ನುತ್ತಾರೆ. ನಿಜವಾಗಿ ಹೊಲ ಮಾಡುವವರೇ ನಡೆಸಬೇಕು ಅಂತ ಅಲ್ಲಿ ಕಾನೂನಿದೆ. ಅದರಲ್ಲೇ ಉಳಿಯಿರಿ. ಕಾರು ಅಂಗಳದಲ್ಲಿ, ಅಡುಗೆಮನೆ ನಿಮ್ಮದೇ, ನೆಲಮಹಡಿ ಕೇಳಿದರೆ ಕೊಡುತ್ತಾರೆ. ಕೊನೆಯ ಒಂದೆರಡು ಕಿಲೋಮೀಟರ್ ಬಿಳಿ ಜಲ್ಲಿ ರಸ್ತೆ ಇರುತ್ತದೆ, ನಮಗೆ ಅದು ಹೊಸದಲ್ಲ ಬಿಡಿ.

ಉಣಕಲ್‌ನವ:

ಅಕ್ಕಾರ, ಬಹಳ ಉಪಕಾರವಾಯಿತು. ಟ್ರ್ಯಾಕ್ಟರ್ ಕಥೆ ಹೆಂಡತಿಗೆ ಓದಿ ಹೇಳಿದೆ, ಆಕೆ ಈಗಲೇ ಚೀಟಿ ಬರೆದಿಟ್ಟಿದ್ದಾಳೆ. ಎರಡು ಪ್ರಶ್ನೆ ಉಳಿದವು. ಚಿಂಕ್ವೆ ಟೆರ್ರೆಗೆ ಕಾರು ಹೋಗುತ್ತದಾ? ಮತ್ತೆ ಅಮಾಲ್ಫಿ ಬಗ್ಗೆ ನೀವು ಏನೂ ಹೇಳಲಿಲ್ಲ. ಪೊಸಿಟಾನೊ ಫೋಟೊ ನಮ್ಮ ಫ್ರಿಜ್ ಮೇಲೆ ಮೂರು ವರ್ಷದಿಂದ ಅಂಟಿಕೊಂಡಿದೆ. ಅದನ್ನು ಬಿಡಲು ಆಗುವುದಿಲ್ಲ, ಅರ್ಥ ಮಾಡಿಕೊಳ್ಳಿ.

ಗದಗ ಟು ಬೊಲೊನ್ಯಾ:

ಸರ್, ಗದಗದವ ನಾನು, ಈಗ ಬೊಲೊನ್ಯಾದಲ್ಲಿ ಓದುತ್ತಿದ್ದೇನೆ. ಅಕ್ಕಾರು ಹೇಳದೆ ಬಿಟ್ಟದ್ದನ್ನು ಹೇಳುತ್ತೇನೆ.

ಕಾಗದ: ನಿಮ್ಮ ಲೈಸೆನ್ಸ್ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಆರ್‌ಟಿಒದಲ್ಲೇ ಕೊಡುತ್ತಾರೆ, ಅರ್ಜಿ ಆನ್‌ಲೈನ್ ಹಾಕಬಹುದು. ಫೀ 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಅದೊಂದೇ ಇದ್ದರೆ ಸಾಲದು, ಅಸಲು ಲೈಸೆನ್ಸ್ ಕೂಡ ಕೈಯಲ್ಲಿರಬೇಕು. ಡಿಪಾಜಿಟ್ ಹಿಡಿಯಲು ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಡೆಬಿಟ್ ಕಾರ್ಡನ್ನು ಹೆಚ್ಚಿನವರು ಒಪ್ಪುವುದಿಲ್ಲ. ಗೇರ್ ಇಲ್ಲದ ಆಟೋಮ್ಯಾಟಿಕ್ ಬೇಕಾದರೆ ಈಗಲೇ ಬುಕ್ ಮಾಡಿ. ಇಲ್ಲಿ ಕೇಳದೆ ಕೊಡುವುದು ಗೇರಿನದ್ದೇ. ಮೊದಲ ಸಲ ಬಲಗೈಯಲ್ಲಿ ಗೇರ್ ಹಾಕುವ ಕಷ್ಟ ಬೇಡ ಅಂತ ನನ್ನ ಸಲಹೆ. ಕಾರು ಸಣ್ಣದೇ ತಗೊಳ್ಳಿ. ಊರ ಸಂದಿಗಳನ್ನು ಕತ್ತೆ ಹೋಗಲು ಕಟ್ಟಿದ್ದಾರೆ, ಎಸ್‌ಯುವಿಗೆ ಅಲ್ಲ.

ಪೆಟ್ರೋಲ್ ಹಾಕಿಸುವಾಗ ಒಂದು ಮೋಸದ ಪದ ಇದೆ. "ಗ್ಯಾಸೋಲಿಯೊ" ಅಂತ ಬರೆದಿರುತ್ತದೆ. ಗ್ಯಾಸೊಲಿನ್, ಅಂದರೆ ಪೆಟ್ರೋಲ್ ಅನ್ನಿಸುತ್ತದೆ ಅಲ್ವಾ? ಅದು ಡೀಸೆಲ್! ಪೆಟ್ರೋಲಿಗೆ "ಬೆಂಜೀನಾ" ಅನ್ನುತ್ತಾರೆ. ನನ್ನ ರೂಮಿನ ಗೆಳೆಯ ಒಮ್ಮೆ ತಪ್ಪು ಹಾಕಿಸಿ ಕಾರು ಎಳೆಸಿಕೊಂಡು ಹೋದ. "ಸೆರ್ವಿತೊ" ಅಂತ ಇರುವ ಪಂಪಿನಲ್ಲಿ ಆಳು ಬಂದು ಹಾಕುತ್ತಾನೆ, ಲೀಟರಿಗೆ ರೇಟು ಜಾಸ್ತಿ. ಸೆಲ್ಫ್ ಪಂಪಿನಲ್ಲಿ ನೀವೇ ಹಾಕಿಕೊಳ್ಳಿ. ಮಧ್ಯಾಹ್ನ ಒಂದರಿಂದ ಮೂರು, ನಾಲ್ಕರವರೆಗೆ ಹಳ್ಳಿ ಕಡೆ ಅಂಗಡಿ, ಬಂಕು ಎಲ್ಲ ನಿದ್ದೆ. ಆಗ ಮಷಿನ್‌ಗೆ ಮೊದಲು ದುಡ್ಡು ಹಾಕಿ, ಪಂಪಿನ ನಂಬರ್ ಒತ್ತಬೇಕು.

ಹೆದ್ದಾರಿಯ ಫಲಕ ಹಸಿರು ಇದ್ದರೆ ಅದು ಟೋಲ್ ಇರುವ ಔತೊಸ್ತ್ರಾದ, ನೀಲಿ ಇದ್ದರೆ ಮಾಮೂಲಿ ರಸ್ತೆ. ಔತೊಸ್ತ್ರಾದಲ್ಲಿ 130, ಮಳೆ ಬಂದರೆ 110. ಊರಿನ ಒಳಗೆ 50. ಊರ ಹೊರಗೆ ಹಗಲಲ್ಲೂ ಹೆಡ್‌ಲೈಟ್ ಹಾಕಿಕೊಂಡೇ ಹೋಗಬೇಕು. ಟೋಲ್‌ಗೆ ಹೋಗುವಾಗ ಚೀಟಿ ತಗೊಳ್ಳಿ, ಇಳಿಯುವಾಗ ಅದನ್ನು ಕೊಟ್ಟು ದುಡ್ಡು ಕಟ್ಟಿ. ಬರೀ ಹಳದಿ ಫಲಕದ ಟೆಲಿಪಾಸ್ ಲೇನಿಗೆ ಹೋಗಬೇಡಿ, ಅದು ಇಲ್ಲಿಯ ಫಾಸ್ಟ್ಯಾಗ್.

ಈಗ ಅಮಾಲ್ಫಿ. ಫ್ರಿಜ್ ಮೇಲಿನ ಫೋಟೊ ತೆಗೆಯುವುದು ಬೇಡ, ಕಾರನ್ನು ಮಾತ್ರ ಬಿಡಿ. ಸುಮಾರು 50 ಕಿಲೋಮೀಟರ್ ರಸ್ತೆ ಅದು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಸಮುದ್ರ. ನಡುವೆ ದೊಡ್ಡ ಬಸ್ಸುಗಳು. ಬಸ್ಸು ಎದುರಾದರೆ ಹಿಂದಕ್ಕೆ ಹೋಗಬೇಕಾದವರು ನೀವು, ಬಸ್ಸಲ್ಲ. ಸೀಜನ್‌ನಲ್ಲಿ ಕೆಲವು ದಿನ ನಂಬರ್ ಪ್ಲೇಟಿನ ಸರಿ–ಬೆಸ ಲೆಕ್ಕದ ಮೇಲೆ ಕಾರು ಬಿಡುತ್ತಾರೆ. ಬಾಡಿಗೆ ಕಾರಿನ ನಂಬರ್ ಯಾವುದು ಸಿಗುತ್ತದೋ ಯಾರಿಗೆ ಗೊತ್ತು. ಅರಬೈಲ್ ಇಳಿಸಿದವರಿಗೆ ಓಡಿಸಲು ಬರುತ್ತದೆ, ಆದರೆ ನೋಡಲು ಬಂದವರು ನೀವು. ಓಡಿಸುವವನಿಗೆ ಸಮುದ್ರ ಕಾಣುವುದೇ ಇಲ್ಲ. ಫ್ಲಾರೆನ್ಸ್ ವಿಮಾನ ನಿಲ್ದಾಣದ ಹತ್ತಿರ ಕಾರು ವಾಪಸ್ ಕೊಟ್ಟು, ಟ್ರಾಮ್ ಹಿಡಿದು ಸ್ಟೇಷನ್‌ಗೆ ಬನ್ನಿ. ಅಲ್ಲಿಂದ ವೇಗದ ಟ್ರೇನ್ ಅಮಾಲ್ಫಿ ದಂಡೆಯ ಪಕ್ಕದ ಊರು ಸಲೆರ್ನೊಗೆ ಸುಮಾರು ನಾಲ್ಕು ತಾಸು. ಒಂದೇ ಟ್ರೇನ್, ಒಂದೇ ಸಲ ಹತ್ತುವುದು, ಒಂದೇ ಸಲ ಇಳಿಯುವುದು. ಸಲೆರ್ನೊದ ಸಮುದ್ರದಂಡೆ ಸಪಾಟಾಗಿದೆ, ಅಲ್ಲಿ ಉಳಿದು ಪೊಸಿಟಾನೊಗೆ ದೋಣಿಯಲ್ಲಿ ಹೋಗಿ ಬನ್ನಿ. ಅಕ್ಟೋಬರ್‌ನಲ್ಲಿ ಅಲೆ ಜೋರಿದ್ದರೆ ದೋಣಿ ನಿಲ್ಲಿಸುತ್ತಾರೆ, ಅದಕ್ಕೇ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಮತ್ತೆ, ಪೊಸಿಟಾನೊ ಊರು ಅಂದರೆ ಮೆಟ್ಟಿಲು. ಆ ಫೋಟೊ ತೆಗೆದಿರುವುದು ಸಮುದ್ರದ ಕಡೆಯಿಂದ. ದೋಣಿಯಲ್ಲಿ ಕೂತೇ ತಾಯಿಯವರಿಗೆ ಅದು ಪೂರ್ತಿ ಕಾಣುತ್ತದೆ.

ಸಪ್ತಾಪುರದಾಕೆ:

ಗದಗದ ತಮ್ಮ ಹೇಳಿದ್ದು ನೂರಕ್ಕೆ ನೂರು. ನಾನು ಅಮಾಲ್ಫಿಗೆ ಹೋಗಿಲ್ಲ, ಅದಕ್ಕೇ ಬಾಯಿ ಬಿಡಲಿಲ್ಲ.

ಚಿಂಕ್ವೆ ಟೆರ್ರೆಗೂ ಅದೇ ಮಾತು. ಆ ಊರುಗಳ ಒಳಗೆ ಕಾರು ಬಿಡುವುದಿಲ್ಲ, ಹೊರಗೆ ಇರುವ ಪಾರ್ಕಿಂಗ್ ನಾಲ್ಕೇ ನಾಲ್ಕು ಜಾಗ, ತುಟ್ಟಿ. ಆ ಐದು ಊರುಗಳ ಪಕ್ಕದ ದೊಡ್ಡ ಊರು ಲಾ ಸ್ಪೆಜಿಯಾ, ಪೀಸಾದಿಂದ 80 ಕಿಲೋಮೀಟರ್ ಆಸುಪಾಸು. ಅಲ್ಲಿ ಕಾರು ನಿಲ್ಲಿಸಿ ಲೋಕಲ್ ಟ್ರೇನ್ ಹಿಡಿಯಿರಿ. ಐದೂ ಊರು ನೋಡಲೇಬೇಕು ಅಂತ ಹಟ ಮಾಡಬೇಡಿ. ಮೊಂತೆರೊಸ್ಸೊದಲ್ಲಿ ಸ್ಟೇಷನ್ ಎದುರಿಗೇ ಮರಳು ದಂಡೆ, ತಾಯಿಯವರನ್ನು ಅಲ್ಲಿ ಕೂರಿಸಿ. ಕಾರ್ನಿಲ್ಯಾಗೆ ಮಾತ್ರ ಕರೆದೊಯ್ಯಬೇಡಿ. ಸ್ಟೇಷನ್‌ನಿಂದ ಊರಿಗೆ 380ರ ಹತ್ತಿರ ಮೆಟ್ಟಿಲು. ನಮ್ಮವರು ಎಣಿಸುತ್ತಾ ಹತ್ತಿ 200ಕ್ಕೆ ಕೂತುಬಿಟ್ಟರು.

ಊಟದ ಚಿಂತೆ ಇದ್ದೇ ಇರುತ್ತದೆ ಅಂತ ಇದನ್ನೂ ಹೇಳುತ್ತೇನೆ. ಆ ದಂಡೆಯ ಊರುಗಳಲ್ಲಿ ಫರಿನಾತಾ ಅಂತ ಸಿಗುತ್ತದೆ. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು ಕಲಸಿ ದೊಡ್ಡ ತಾಟಿನಲ್ಲಿ ಬೇಯಿಸಿದ್ದು. ನಮ್ಮ ಝುಣಕದ ವಡಿಯನ್ನು ತೆಳ್ಳಗೆ ಮಾಡಿ ಅಂಚು ಕರಕರೆ ಮಾಡಿದ ಹಾಗೆ. ಸಪ್ಪೆ ಇರುತ್ತದೆ. ಮೇಲೆ ಶೇಂಗಾ ಚಟ್ನಿ ಉದುರಿಸಿಕೊಂಡು ತಿಂದೆವು. ಅಂಗಡಿಯವ ನೋಡಿ, ತಾನೂ ಒಂದು ಚಿಟಿಕೆ ಕೇಳಿ ತಿಂದ. ಆಮೇಲೆ ನೀರು ಕುಡಿದ.

ಉಣಕಲ್‌ನವ:

ಎಲ್ಲ ಮನೆಯಲ್ಲಿ ಕೂತು ಮಾತಾಡಿದೆವು. ಹೊಸ ಲೆಕ್ಕ: ಪೀಸಾದಲ್ಲಿ ಆಟೋಮ್ಯಾಟಿಕ್ ಕಾರು, ಲಾ ಸ್ಪೆಜಿಯಾ ಎರಡು ರಾತ್ರಿ, ಪಿಯೆಂಜಾ ಹತ್ತಿರ ಹೊಲದ ಮನೆಯಲ್ಲಿ ನಾಲ್ಕು ರಾತ್ರಿ, ಫ್ಲಾರೆನ್ಸ್‌ನಲ್ಲಿ ಕಾರು ವಾಪಸ್, ಟ್ರೇನ್, ಸಲೆರ್ನೊ, ದೋಣಿ. ಹೆಂಡತಿ ಒಪ್ಪಿದಳು. ದೋಣಿಯಿಂದಲೇ ಫೋಟೊ ಚೆನ್ನಾಗಿ ಬರುತ್ತದೆ ಅಂದದ್ದಕ್ಕೆ ಒಪ್ಪಿದ್ದು.

ಅವ್ವನಿಗೆ ಸಮುದ್ರದ ಮಾತು ಹೇಳಿದರೆ ಗೋಕರ್ಣದಲ್ಲಿ ನೋಡೀನಿ ಬಿಡು ಅಂದಳು. ಎರೆಹೊಲ ಉಳುಮೆ ಮಾಡಿರುತ್ತಾರಂತೆ ಅಂದಾಗ ಮಾತ್ರ ಎದ್ದು ಕೂತಳು. ಎಷ್ಟು ಆಳ ಉಳುತ್ತಾರೆ, ಎತ್ತೋ ಟ್ರ್ಯಾಕ್ಟರೋ, ಬೀಜ ಯಾವುದು. ನನಗೆ ಗೊತ್ತಿಲ್ಲ, ಆ ಹೊಲದ ಮನೆಯಾಕೆಯನ್ನೇ ಕೇಳು ಅಂದೆ. ಹಾಗಾದರೆ ಬರಿಗೈಯಲ್ಲಿ ಹೋಗಬಾರದು, ಆಕೆಗೆ ಎರಡು ಕೆಜಿ ಧಾರವಾಡ ಪೇಡೆ ಒಯ್ಯೋಣ ಅಂತ ಕೂತಿದ್ದಾಳೆ. ಒಯ್ಯಬಹುದಾ?

ಗದಗ ಟು ಬೊಲೊನ್ಯಾ:

ಇಲ್ಲ ಸರ್. ಯುರೋಪಿನ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ತರುವಂತಿಲ್ಲ. ಪೇಡೆ ಅಂದರೆ ಖವಾನೇ ಅಲ್ವಾ. ಏರ್‌ಪೋರ್ಟ್‌ನಲ್ಲಿ ಸಿಕ್ಕರೆ ಕಸದ ಬುಟ್ಟಿಗೆ ಹೋಗುತ್ತದೆ. ಕಟಕ್ ರೊಟ್ಟಿ, ಚಟ್ನಿಪುಡಿ ಆರಾಮಾಗಿ ತನ್ನಿ. ನಾನೂ ಪ್ರತಿ ಸಲ ತರುತ್ತೇನೆ.

ಉಣಕಲ್‌ನವ:

ಗೊತ್ತಾಯಿತು, ತಮ್ಮಾ. ಅವ್ವ ಆಗಲೇ ಪೇಡೆ ತರಲು ಧಾರವಾಡದ ಲೈನ್‌ಬಜಾರಿಗೆ ಯಾವಾಗ ಹೋಗೋಣ ಅಂತ ಕೇಳುತ್ತಿದ್ದಾಳೆ. ನಾಳೆ ಹೇಳುತ್ತೇನೆ.